ಎಡಗೈ ಹೆಬ್ಬೆಟ್ಟು

ನನಗೆ ಅರಳುಮರಳು ಅಂದವರು ಯಾರು? ನಿನ್ನೆ ಉಂಡದ್ದು ನೆನಪಿಲ್ಲದವರೆಲ್ಲ ನನ್ನ ನೆನಪು ಅಳೆಯಲು ಬಂದಿರಾ! ಆ ಅತ್ತೆ ಸೊಸೆಯ ಹೆಬ್ಬೆಟ್ಟು ಒತ್ತಿಸಿದ ಬೆಳಗ್ಗೆ ಎದುರುಮನೆಯ ಕಿಟಕಿಯಲ್ಲಿ ಇದ್ದವನು ನಾನು. ಮಿಕ್ಕದ್ದನ್ನು ಆ ಅತ್ತೆಯೇ ಆಮೇಲೆ ನನ್ನ ಹತ್ತಿರ ಹೇಳಿಕೊಂಡು ಅತ್ತಳು. ಬಾಯಿ ಮುಚ್ಚಿಕೊಂಡು ಕೇಳಿ.

ಸೊಸೆ ಮಂಚದ ತುದಿಯಲ್ಲಿ ಕೂತಿದ್ದಳು. ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು. ಅತ್ತೆ ಅವಳ ಎಡಗೈ ಎಳೆದು ಶಾಯಿ ಪ್ಯಾಡಿಗೆ ಅದುಮಿದಳು.

“ಒತ್ತೇ! ಮನೇಲಿ ಬಿಸಿನೀರು ಚೆಲ್ಕೊಂಡೆ ಅಂತ ಬರ್ಸಿದೀನಿ.”

“ಅತ್ತೆ… ಲಾಂಡ್ರಿ ರೋಲರಿಗೆ ಸಿಕ್ಕಿ ಸುಟ್ಟ ಕೈ ಇದು!”

“ಹಾಗಂದ್ರೆ ನಿನ್ನ ಗಂಡ ಜೈಲಿಗೆ! ಅಲ್ಲಿ ಸೂಪರ್‌ವೈಸರ್ ಅವನೇ ತಾನೆ? ಕಂಬಿ ಕಟ್ಟಿದ್ದು ಅವನೇ ತಾನೆ? ನಿನಗೆ ಕೈ ಬೇಕೋ, ಗಂಡ ಬೇಕೋ?”

ಸೊಸೆ ಹೆಬ್ಬೆಟ್ಟು ಒತ್ತಿದಳು…

ಆ ಕಂಬಿಯ ವಿಷಯ ಹೇಳಬೇಕು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಮಾಡುವ ಆ ದೊಡ್ಡ ರೋಲರಿನ ಮುಂದೆ ಒಂದು ಕಂಬಿ ಇರುತ್ತದೆ. ಬೆರಳು ತಾಗಿದರೆ ಯಂತ್ರ ನಿಲ್ಲಬೇಕು. ಆದರೆ ಬಟ್ಟೆಯ ಮಡಿಕೆ ತಾಗಿದರೂ ನಿಲ್ಲುತ್ತದೆ, ಕೆಲಸ ಸಾಗುವುದಿಲ್ಲ. ಅದಕ್ಕೆ ಹಳೆಯ ದಿಂಬಿನ ಚೀಲ ಹರಿದು, ಆ ಪಟ್ಟಿಯಿಂದ ಕಂಬಿಯನ್ನು ಅಲುಗದಂತೆ ಬಿಗಿಯಾಗಿ ಕಟ್ಟುತ್ತಿದ್ದರು. ಮಗನಿಗೆ ಅದನ್ನು ಕಲಿಸಿದವರು ಯಾರು? ಇಪ್ಪತ್ತು ವರ್ಷ ಅದೇ ರೋಲರಿನ ಮುಂದೆ ನಿಂತಿದ್ದ ಈ ಅತ್ತೆಯೇ! ಆ ಮುಳ್ಳು ಅವಳ ಎದೆಯಲ್ಲೇ ಮುರಿದಿತ್ತು. ಲಾಂಡ್ರಿ ಮಾಲೀಕ ಬಂದು “ಕೇಸಾದ್ರೆ ನಿಮ್ಮ ಮಗ ಒಳಗೆ” ಎಂದು ಕಿವಿಯೂದಿದ ಮೇಲೆ ಅವಳು ಆ ಸುಳ್ಳು ಕಾಗದ ಬರೆಸಿದ್ದಳು.

ವಾರ ಕಳೆಯಿತು. ಬ್ಯಾಂಡೇಜು ಬದಲಿಸುವಾಗ ಡಾಕ್ಟರು, “ಇನ್ನೊಂದು ಆಪರೇಷನ್ ಆಗದಿದ್ರೆ ಬೆರಳು ಮಡಚೋದಿಲ್ಲ” ಎಂದರು. ಸೊಸೆ ಅಳಲಿಲ್ಲ. “ಎಡಗೈ ಇದೆಯಲ್ಲ” ಎಂದಳು ಅಷ್ಟೆ. ಆ ಮಾತು ಅತ್ತೆಯ ಕರುಳನ್ನು ಇರಿಯಿತು!

ಮರುದಿನ ಅತ್ತೆ ಯಾರಿಗೂ ಹೇಳದೆ ಕಾರ್ಮಿಕ ಕಚೇರಿಗೆ ಹೋದಳು.

“ಯಾರದೋ ವಿಷಯ ಕೇಳ್ಬೇಕಿತ್ತಮ್ಮ. ಕೆಲಸದಲ್ಲಿ ಕೈ ಸುಟ್ರೆ, ಪರಿಹಾರ ಕೇಳಿದ್ರೆ… ನನ್ನ ಮಗನ್ನ ಹಿಡ್ಕೊಂಡು ಹೋಗ್ತಾರಾ?”

ಅಧಿಕಾರಿಣಿ ಕನ್ನಡಕದ ಮೇಲಿಂದ ನೋಡಿದಳು. “ಯಾರದೋ ವಿಷಯಕ್ಕೆ ನಿಮ್ಮ ಮಗ ಯಾಕೆ ಬಂದ ಅಜ್ಜಿ?”

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಸೊಸೆಯ ಕೈ, ಮಗ ಕಟ್ಟಿದ ಕಂಬಿ, ಎರಡನ್ನೂ ಹೇಳಿಬಿಟ್ಟಳು.

“ಕೇಳಿ. ಪರಿಹಾರ ಬೇರೆ, ಪೊಲೀಸ್ ಕೇಸ್ ಬೇರೆ. ಪರಿಹಾರಕ್ಕೆ ತಪ್ಪು ಯಾರದು ಅಂತ ನಾವು ಕೇಳಲ್ಲ. ಕೆಲಸ ಮಾಡ್ತಾ ಗಾಯ ಆಯ್ತಾ, ಅಷ್ಟೇ ಕೇಳೋದು. ಕೊಡಬೇಕಾದವನು ಮಾಲೀಕ.”

“ಕಂಬಿ ಕಟ್ಟಿದವನಿಗೆ?”

“ಅದರ ವಿಚಾರಣೆ ಬೇರೆ. ಕಟ್ಟಿದ್ದನ್ನ ದಿನಾ ನೋಡ್ಕೊಂಡು ಸುಮ್ಮನಿದ್ದ ಮಾಲೀಕನ್ನೇ ಮೊದಲು ಕೇಳ್ತಾರೆ. ನಿಮ್ಮ ಮಗನಿಗೆ ಏನೂ ಆಗಲ್ಲ ಅಂತ ಮಾತ್ರ ನಾನು ಮಾತು ಕೊಡಲ್ಲ. ಆದ್ರೆ ಮನೇಲಿ ಆಯ್ತು ಅಂತ ಬರೆದುಕೊಟ್ಟಿದ್ರೆ ನಿಮ್ಮ ಸೊಸೆಗೆ ಕಷ್ಟ. ಅದು ಸುಳ್ಳು ಅಂತ ಯಾರಾದ್ರೂ ಎದೆ ತಟ್ಟಿ ಹೇಳ್ಬೇಕು.”

ಮನೆಗೆ ಬಂದವಳೇ ಮಗನ ಮುಂದೆ ಕುಸಿದಳು. “ನಾನು ನಿಜ ಹೇಳ್ತೀನಿ ಕಣೋ. ನಿನ್ನ ಕೆಲಸ ಹೋಗ್ಬಹುದು. ಅಮ್ಮನ್ನ ಬಯ್ಯಬೇಡ…”

ಮಗ ತಲೆ ತಗ್ಗಿಸಿದ. “ಬಯ್ಯೋಕೆ ನನಗೆ ಯಾವ ಬಾಯಿದೆಯಮ್ಮ? ಅವಳ ಮುಖ ನೋಡೋಕೇ ಆಗ್ತಿಲ್ಲ. ನಾನೂ ಬರ್ತೀನಿ!”

ಮೂವರೂ ಹೋದರು. “ಹೆಬ್ಬೆಟ್ಟು ಒತ್ತಿಸಿದ್ದು ನಾನು, ಕಂಬಿ ಕಟ್ಟೋದು ಕಲಿಸಿದ್ದೂ ನಾನು” ಎಂದು ಹೇಳಿ, ಮುದುಕಿ ತನ್ನದೇ ಎಡಗೈ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿದಳು.

ಪರಿಹಾರ ಬಂತು, ಆಪರೇಷನ್ನೂ ಆಯಿತು. ಮಾಲೀಕನೂ ಮಗನೂ ಇಬ್ಬರೂ ದಂಡ ಕಟ್ಟಿದರು. ಸೂಪರ್‌ವೈಸರ್ ಕೆಲಸ ಹೋಗಿ ಮಗ ಈಗ ಬೇರೊಂದು ಕಡೆ ಒದ್ದೆ ಬಟ್ಟೆಯ ಗಾಡಿ ತಳ್ಳುತ್ತಾನೆ. ಸೊಸೆಯ ಎರಡು ಬೆರಳು ಮಾತ್ರ ಮಡಚುತ್ತವೆ. ಜಡೆ ಹೆಣೆಯಲು ಅಷ್ಟು ಸಾಲದು. ಅದಕ್ಕೇ ದಿನಾ ಬೆಳಗ್ಗೆ ಅತ್ತೆ ಅವಳ ಹಿಂದೆ ಕೂರುತ್ತಾಳೆ.

“ಅತ್ತೆ, ಬಿಗಿ ಆಯ್ತು…”

“ಕಟ್ಟೋದು ನನಗೆ ಹೇಳ್ಕೊಡ್ಬೇಡ ಕಣೇ!” ಎಂದು ಗದರಿ, ಆಕೆ ತಟ್ಟನೆ ಕೈ ನಿಲ್ಲಿಸುತ್ತಾಳೆ. ಕಟ್ಟಿದ್ದನ್ನೆಲ್ಲ ಬಿಚ್ಚಿ, ಸಡಿಲವಾಗಿ ಮತ್ತೆ ಶುರುಮಾಡುತ್ತಾಳೆ.

ಯಂತ್ರದ ಮುಂದೆ ನಿಲ್ಲುವವರು ನಿಮ್ಮಲ್ಲಿ ಯಾರಿದ್ದರೂ ಇದನ್ನು ಅವರಿಗೆ ಕೇಳಿಸಿ. ನನ್ನ ನೆನಪನ್ನು ನಂಬದಿದ್ದರೂ ಪರವಾಗಿಲ್ಲ, ಕೇಳಿಸಿ.