ಬುಧವಾರ ಒಂದು ಹನ್ನೆರಡಕ್ಕೆ ಲಾಗಿನ್ ಆದವನು

“ಹೋದ ಬುಧವಾರ ಮಧ್ಯಾಹ್ನ ಒಂದು ಹನ್ನೆರಡಕ್ಕೆ ಎಲ್ಲಿದ್ದೆ ಚೈತ್ರಮ್ಮಾ?”

ಜಗಳೂರಿನ ಕುರಿ ಸಾಕಣೆದಾರರ ಸಂಘದ ಕಾರ್ಯದರ್ಶಿ ಮಲ್ಲಿಕಾರ್ಜುನಪ್ಪ ಕೇಳಿದಾಗ ಕಂಪ್ಯೂಟರ್ ಆಪರೇಟರ್ ಚೈತ್ರಶ್ರೀ ಸಲೀಸಾಗಿ ಹೇಳಿದಳು, “ಬಿಳಿಚೋಡಿನಾಗೆ ಸಾರ್. ಕುರಿಗಳ ಕಿವಿಗೆ ವಿಮೆ ನಂಬರಿನ ಓಲೆ ಹಾಕ್ಸಾಕೆ ಹೋಗಿದ್ನಲ್ಲ.”

“ಮತ್ತೆ ನಿನ್ನ ಹೆಸರಿನಾಗೆ ಇಲ್ಲಿ ಲಾಗಿನ್ ಆದೋರು ಯಾರು?”

ಚೈತ್ರಶ್ರೀ ಕಂಪ್ಯೂಟರಿನತ್ತ ಓಡಿದಳು. ವಿಮೆಗೆ ಸೇರಿದ ಅಷ್ಟೂ ಕುರಿಗಳ ವಿವರ ಆ ಕಂಪ್ಯೂಟರಿನಲ್ಲಿತ್ತು. ಸತ್ತ ಕುರಿಯನ್ನು ಬದುಕಿಸುವುದು, ಬದುಕಿದ್ದನ್ನು ಸಾಯಿಸುವುದು, ಎರಡೂ ಅಲ್ಲಿ ಕ್ಷಣದ ಕೆಲಸ. ಸಂಜೆಯವರೆಗೆ ಕೂತು ನೋಡಿದಳು. ಒಂದು ಕುರಿಯೂ ಆಚೀಚೆ ಆಗಿರಲಿಲ್ಲ. ಯಾರೋ ಒಳಗೆ ಬಂದು, ಒಂದು ನಿಮಿಷ ಸುಮ್ಮನಿದ್ದು, ಹೊರಟುಹೋಗಿದ್ದರು.

“ಅದೆಲ್ಲ ಪೊಲೀಸರು ನೋಡ್ಕಂತಾರೆ,” ಎಂದರು ಮಲ್ಲಿಕಾರ್ಜುನಪ್ಪ. “ಅನುಮತಿ ಇಲ್ದೆ ಒಳಗೆ ಬಂದಿದ್ದೇ ತಪ್ಪು. ಮೋಸದ ಉದ್ದೇಶ ಐತೆ ಅಂತಾದ್ರೆ ಮೂರು ವರ್ಷ ಜೈಲು. ನಾಳೆ ದೂರಿಗೆ ಸಹಿ ಹಾಕು.”

ಆ ಬುಧವಾರ ಆಫೀಸಿಗೆ ಬಂದಿದ್ದ ಹೊರಗಿನವನು ಒಬ್ಬನೇ, ಯುಪಿಎಸ್ ಬ್ಯಾಟರಿ ಬದಲಿಸುವ ಕೊಟ್ರೇಶ್. ಸ್ಕ್ರೂ ಬಿಚ್ಚುತ್ತಲೇ ಓರೆಗಣ್ಣಲ್ಲಿ ಅವಳನ್ನು ನೋಡಿ, ಅವಳು ತಿರುಗಿದರೆ ಸ್ಕ್ರೂ ಕಳೆದುಕೊಂಡವನಂತೆ ನೆಲ ತಡಕುವವನು. ಆ ನಾಟಕ ಅವಳಿಗೆ ಎಷ್ಟು ಇಷ್ಟವೆಂದರೆ, ಚೆನ್ನಾಗಿದ್ದ ಕೀಬೋರ್ಡ್ ಕೆಟ್ಟಿದೆ ಎಂದು ಎರಡು ಸಲ ಅವನನ್ನು ಕರೆಸಿದ್ದಳು! ಆದರೆ ವಾರದಿಂದ ಅವನು ಫೋನ್ ಎತ್ತುತ್ತಿಲ್ಲ. ಕಳ್ಳನೇ ಇರಬಹುದೇ? ಕಳ್ಳನಾದರೂ ಬೇಕು ಅನಿಸುತ್ತಿದೆಯಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಬೆಳಿಗ್ಗೆ ನೇರ ಅವನ ಅಂಗಡಿಗೆ ಹೋದಳು.

“ನನ್ನ ಹೆಸರಿನಾಗೆ ಲಾಗಿನ್ ಆದೋರು ನೀವೇ ಏನ್ರೀ?”

“ನಾನೇ.” ಅವನು ತಲೆ ಎತ್ತಲಿಲ್ಲ. “ಬ್ಯಾಟರಿ ಹಾಕಿದ್ಮ್ಯಾಲೆ ಸಿಸ್ಟಮ್ ಓಪನ್ ಆಗ್ತೈತಾ ನೋಡಬೇಕಿತ್ತು. ಪಾಸ್‌ವರ್ಡ್ ಕೇಳಾಕೆ ಫೋನ್ ಮಾಡಿದ್ರೆ ನಿಮ್ದು ನಾಟ್ ರೀಚಬಲ್. ನಿಮ್ಮ ಹೆಸರು ಹಾಕಿದೆ, ತಗಳ್ಲಿಲ್ಲ. ತಮಾಷೆಗೆ ನನ್ನ ಹೆಸರು ಹಾಕಿದೆ. ಓಪನ್ ಆತು! ಗಾಬರಿಯಾಗಿ ಆಫ್ ಮಾಡಿ ಬಂದೆ.”

ಚೈತ್ರಶ್ರೀಯ ಕಿವಿ ಬಿಸಿಯಾಯಿತು. “ಗಾಬರಿ ಯಾಕೆ?”

“ಈ ತಾಲ್ಲೂಕಿನಾಗೆ ಓಣಿಗೆ ನಾಲ್ಕು ಮಂದಿ ಕೊಟ್ರೇಶ್ ಅದಾರೆ. ನಿಮ್ಮ ಮಾವನ ಮಗನೂ ಕೊಟ್ರೇಶನೇ ಅಂತೆ. ನಾನು ಯಾವ ಕೊಟ್ರೇಶ್ ಅಂತ ತಿಳ್ಕಳ್ಲಿ? ವಾರದಿಂದ ತಲೆ ಕೆಟ್ಟು ಹೋಗೈತೆ ನಂಗೆ.”

ಆ ಕೊಟ್ರೇಶ್ ನೀವೇ ಎಂದು ಆಗಲೇ ಹೇಳಿಬಿಡಬಹುದಿತ್ತು. “ಇವತ್ತು ಕಂಪ್ಲೇಂಟ್ ಕೊಡ್ತಾರ್ರೀ,” ಎಂದಷ್ಟೇ ಹೇಳಿದಳು. ಕೇಸ್ ಬಿದ್ದರೆ ಊರಿನ ಯಾವ ಆಫೀಸೂ ಅವನನ್ನು ಬಾಗಿಲೊಳಗೆ ಬಿಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

“ನಡೀರಿ. ನಾನೇ ಬಂದು ಒಪ್ಕಂತೀನಿ,” ಎಂದು ಅವನು ಶಟರ್ ಎಳೆದ.

ಸಂಘದ ಆಫೀಸಿನಲ್ಲಿ ದೂರಿನ ಹಾಳೆ ಸಿದ್ಧವಾಗಿತ್ತು. ಕೊಟ್ರೇಶ್ ಒಪ್ಪಿಕೊಂಡ ಮೇಲೆ ಮಲ್ಲಿಕಾರ್ಜುನಪ್ಪ ಕೇಳಬೇಕಾದ್ದನ್ನೇ ಕೇಳಿದರು. “ಪಾಸ್‌ವರ್ಡ್ ನಿನಗೆ ಹೆಂಗೆ ಸಿಕ್ತು?”

ಕೊಟ್ರೇಶ್ ಒಮ್ಮೆ ಚೈತ್ರಶ್ರೀಯ ಮುಖ ನೋಡಿದ. ನಿಜ ಹೇಳಿದರೆ ನಾಳೆ ಊರೆಲ್ಲ ಅವಳದೇ ಮಾತು.

“ಕದ್ದೆ ಸಾರ್,” ಅಂದುಬಿಟ್ಟ.

ಅವಳಿಗೆ ಅಳು, ನಗು, ಸಿಟ್ಟು ಒಟ್ಟಿಗೇ ಬಂದವು. ಪುಣ್ಯಾತ್ಮ ತಾನಾಗಿಯೇ ಜೈಲಿಗೆ ಹೊರಟಿದ್ದಾನೆ!

“ಸುಳ್ಳು ಸಾರ್. ನಾನು ಅನುಮತಿ ಕೊಟ್ಟಿರಲಿಲ್ಲ, ಅದು ಖರೆ. ಆದ್ರೆ ಇವರು ಏನೂ ಕದ್ದಿಲ್ಲ. ಪಾಸ್‌ವರ್ಡ್ ಇವರ ಹೆಸರೇ.” ಬೆರಳನ್ನು ನೇರ ಅವನ ಎದೆಗೇ ತೋರಿಸಿದಳು. “ಮಾವನ ಮಗಂದಲ್ಲ. ಇವರದೇ.”

ಕೊಟ್ರೇಶ್ ಬಾಯಿ ತೆರೆದವನು ಮುಚ್ಚುವುದನ್ನೇ ಮರೆತ. ಮಲ್ಲಿಕಾರ್ಜುನಪ್ಪ ಅವನನ್ನು ನೋಡಿದರು, ಅವಳನ್ನು ನೋಡಿದರು, ದೂರಿನ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು.

“ಇದು ಯಾವ ಸೆಕ್ಷನ್ನಿಗೆ ಬರ್ತೈತಮ್ಮಾ?”

ಕೊನೆಗೆ ಹಾಳೆಯನ್ನು ಎರಡಾಗಿ ಹರಿದು, “ಮೊದಲು ಆ ಪಾಸ್‌ವರ್ಡ್ ಬದಲಿಸು,” ಎಂದು ಗದರಿದರು.

“ಪಾಸ್‌ವರ್ಡ್ ಬದಲಿಸ್ತೀನಿ ಸಾರ್,” ಚೈತ್ರಶ್ರೀ ಕೊಟ್ರೇಶನನ್ನೇ ನೋಡುತ್ತ ಹೇಳಿದಳು. “ಉಳಿದದ್ದು ಬದಲಿಸಾಕೆ ನನ್ನ ಕೈಲಿ ಆಗಲ್ಲ.”