ದೀಪ ಹಚ್ಚಿದ ಮೇಲೆ ಹಾಕಿದ ಹಾಲು

"ಕೊತ್ತಿಗೆ ಏನಾದ್ರೂ ಹಾಕ್ತಾ ಇದ್ದೀರಾ ನೀವು?"

ಹಿತ್ತಿಲಿನ ಮೋಟುಗೋಡೆಯ ಆಚೆಯಿಂದ ಬಂದ ಪ್ರಶ್ನೆಗೆ ಸರ್ವಮಂಗಳ ಬೆಚ್ಚಿದಳು. ಅವಳ ಕೈಯಲ್ಲಿ ರೊಟ್ಟಿಯ ಚೂರಿತ್ತು. ಕಾಲ ಬಳಿ ಬೂದುಬಣ್ಣದ ಬೆಕ್ಕು ಬಾಲ ನಿಮಿರಿಸಿಕೊಂಡು ನಿಂತಿತ್ತು. ಇಲ್ಲ ಎನ್ನುವ ಹಾಗೇ ಇರಲಿಲ್ಲ.

"ಒಂದ್ ಚೂರು ರೊಟ್ಟಿ, ಅಷ್ಟೇ."

"ದಯಮಾಡಿ ಹಾಕಬೇಡಿ ಕಣ್ರೀ. ಇಲ್ಲಿ ಹೊಟ್ಟೆ ತುಂಬಿಸ್ಕೊಂಡು ಬಂದು ನನ್ನ ಮೂಟೆ ಮ್ಯಾಲೆ ಕಾಲು ಚಾಚ್ಕೊಂಡು ಮಲಗ್ತದೆ. ಇಲಿಗಳು ಅದರ ಬಾಲದ ಪಕ್ಕದಲ್ಲೇ ಮೆರವಣಿಗೆ ಹೊರಡ್ತವೆ."

ಹೇಳಿದವನು ಪಕ್ಕದ ಮಳಿಗೆಯ ಗುರುಸ್ವಾಮಿ. ಕೃಷ್ಣರಾಜನಗರದ ಆ ಬೀದಿಯಲ್ಲಿ ಬಿತ್ತನೆ ಭತ್ತದ ವ್ಯಾಪಾರ ಅವನದು. ಸುಗ್ಗಿಯಲ್ಲಿ ಒಳ್ಳೆಯ ಭತ್ತ ನೋಡಿ ಕೊಂಡು, ಒಣಗಿಸಿ, ತೂರಿ, ಮೂಟೆ ಕಟ್ಟಿಡುತ್ತಿದ್ದ. ಮುಂಗಾರಿಗೆ ಮುಂಚೆ ರೈತರು ಬಂದು ಒಯ್ಯುತ್ತಿದ್ದರು. ಇಲಿ ಕಡಿದ ಕಾಳು ಮೊಳೆಯುವುದಿಲ್ಲ. ಮೊಳೆಯದ ಬೀಜ ಕೊಟ್ಟವನ ಅಂಗಡಿಗೆ ಮಾರನೆಯ ವರ್ಷ ಯಾರೂ ಬರುವುದಿಲ್ಲ. ಬೆಕ್ಕು ಸಾಕಿದ್ದು ಅದಕ್ಕೇ. ಇಪ್ಪತ್ತೇಳು ವರ್ಷದ ಒಂಟಿ ಮನುಷ್ಯ, ಮಳಿಗೆಯ ಹಿಂದಿನ ಕೋಣೆಯಲ್ಲೇ ಅವನ ವಾಸ. ತನ್ನವರು ಅಂತ ಇದ್ದದ್ದು ಹುಣಸೂರಿನಲ್ಲಿದ್ದ ದೊಡ್ಡಪ್ಪ ಮಹದೇವಪ್ಪ ಒಬ್ಬರೇ.

"ಆಯ್ತು, ಹಾಕಲ್ಲ" ಎಂದಳು ಸರ್ವಮಂಗಳ. ಅವನು ಗೋಡೆಯ ಮೇಲಿಂದ ಕೈ ನೀಡಿ ಬೆಕ್ಕನ್ನು ಎತ್ತಿಕೊಂಡ. ಹೋಗುವ ಮುಂಚೆ ಒಂದು ಸಲ ತಿರುಗಿ ನೋಡಿದ. ನೋಟ ಬೆಕ್ಕಿನ ಮೇಲಿತ್ತೋ ತನ್ನ ಮೇಲಿತ್ತೋ, ಅವಳಿಗೆ ತಿಳಿಯಲಿಲ್ಲ.

ಅಂದಿನಿಂದ ಶುರುವಾಯಿತು ಅವಳ ಗೊಂದಲ.

ಅವಳ ತಂದೆ ಶಿವನಂಜಪ್ಪನವರದು ಪಿರಿಯಾಪಟ್ಟಣದ ಕಡೆಯ ಹಳ್ಳಿ. ಅವರ ಅಕ್ಕ ವೀರಮ್ಮನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಎರಡು ಎಮ್ಮೆ ಕಟ್ಟಿಕೊಂಡು ಈ ಊರಲ್ಲಿ ದಿನವೂ ಮನೆಗಳಿಗೆ ಹಾಲು ಕೊಡುವ ವರ್ತನೆ ನಡೆಸುತ್ತಿದ್ದರು. ಅತ್ತೆಗೆ ಕೈಯಾಸರೆಯಾಗಲಿ ಎಂದು ಸರ್ವಮಂಗಳ ಬಂದು ಒಂದು ವರ್ಷವಾಗಿತ್ತು. ಆ ಒಂದು ವರ್ಷದಲ್ಲಿ ಪಕ್ಕದ ಮನೆಯವನು ಅವಳೊಡನೆ ಆಡಿದ ಅತಿ ಉದ್ದದ ಮಾತೆಂದರೆ ಈ ಬೆಕ್ಕಿನದೇ.

ಹಾಕಲ್ಲ ಎಂದು ಹೇಳಿದ್ದೇನೋ ಸರಿ. ಆದರೆ ಮರುದಿನ ಸಂಜೆ ಎಮ್ಮೆ ಕರೆಯುವ ಹೊತ್ತಿಗೆ ಬೆಕ್ಕು ಬಂದು ಕೂತಿತು. ಅವಳು ಹಾಲು ಕರೆದು, ಕೈಕಾಲು ತೊಳೆದು, ಹಿತ್ತಿಲ ಬಾಗಿಲ ಗೂಡಿನಲ್ಲಿ ದೀಪ ಹಚ್ಚಿ ಕೈ ಮುಗಿದು ತಿರುಗಿದರೂ ಅದು ಹಾಗೇ ಕೂತಿತ್ತು. ಒಂದು ಸದ್ದೂ ಮಾಡದೆ ಮುಖವನ್ನೇ ನೋಡುತ್ತಿತ್ತು. ಗುರುಸ್ವಾಮಿ ಈ ಹೊತ್ತಿನಲ್ಲಿ ಮುಂದಿನ ಬಾಗಿಲು ಹಾಕುತ್ತಿರುತ್ತಾನೆ ಎಂದುಕೊಂಡು ಅವಳು ತೆಂಗಿನ ಕರಟಕ್ಕೆ ನಾಲ್ಕು ಗುಟುಕು ಹಾಲು ಬಗ್ಗಿಸಿದಳು.

ತಲೆ ಎತ್ತಿದರೆ ಗೋಡೆಯಾಚೆ ಅವನೇ ನಿಂತಿದ್ದ.

ಬೈಯುತ್ತಾನೆ ಅಂದುಕೊಂಡಳು. ಅವನು ಬೈಯಲಿಲ್ಲ. ದೀಪ ನೋಡಿದ, ಕರಟ ನೋಡಿದ, ಅವಳ ಮುಖ ನೋಡಿದ. ಆಮೇಲೆ ಮೆಲ್ಲನೆ ಅವನ ತುಟಿಯಂಚಿನಲ್ಲಿ ಒಂದು ನಗು ಮೂಡಿತು. ಹಾಗೇ ಒಳಗೆ ಹೋದ.

ಹತ್ತು ದಿನ ಹೀಗೇ ನಡೆಯಿತು. ಅವಳು ದೀಪ ಹಚ್ಚುವಳು, ಹಾಲು ಹಾಕುವಳು. ಅವನು ಗೋಡೆಯಾಚೆ ಗೋಣಿಚೀಲ ಒದರುವ ನೆಪದಲ್ಲಿ ನಿಲ್ಲುವನು. ಬೇಡ ಎಂದವನು ಇವನೇ ತಾನೆ? ಹಾಗಾದರೆ ಈ ನಗು ಯಾಕೆ? ಒಂದು ಸಂಜೆ "ಇವತ್ತು ತಡವಾಯ್ತು" ಎಂದ. ಯಾರಿಗೆ ತಡ, ಬೆಕ್ಕಿಗೋ ಅವನಿಗೋ? ಅವಳು ರಾಗಿ ಬೀಸುವಾಗಲೂ ಅದನ್ನೇ ಯೋಚಿಸಿದಳು. ಹಿಟ್ಟು ನುಣ್ಣಗಾಯಿತೇ ಹೊರತು ಉತ್ತರ ಸಿಗಲಿಲ್ಲ.

ಹನ್ನೊಂದನೆಯ ದಿನ ವೀರಮ್ಮ ನೋಡಿದರು.

"ಈ ಕೊತ್ತಿ ಯಾರ್ದು ಕಣೇ?"

"ಪಕ್ಕದ ಮನೇದು ಅತ್ತೆ."

"ದೀಪ ಹಚ್ಚಿ ಆಯ್ತಾ?"

"ಆಯ್ತು."

"ಅಂಗಾದ್ರೆ ದೀಪ ಹಚ್ಚಿದ ಮ್ಯಾಲೆ ನಮ್ಮನೆ ಹಾಲು ಪಕ್ಕದ ಮನೆಗೆ ಹೋಯ್ತು."

"ಅತ್ತೆ, ಅದು ಕೊತ್ತಿ ಹೊಟ್ಟೆಗೆ ಹೋಯ್ತು!"

"ಕೊತ್ತಿ ಹೊಟ್ಟೆ ಎಲ್ಲಿಗೆ ಹೋಯ್ತದೆ? ಪಕ್ಕದ ಮನೆಗೇ ತಾನೆ?"

ಹಾಲು, ಮೊಸರು, ಉಪ್ಪು ದೀಪ ಹಚ್ಚಿದ ಮೇಲೆ ಹೊಸಲು ದಾಟಿ ಬೇರೆ ಮನೆಗೆ ಹೋಗಬಾರದು. ಮನೆಯ ಲಕ್ಷ್ಮಿ ಅದರ ಜೊತೆಗೇ ಹೊರಟುಹೋಗುತ್ತಾಳೆ. ಇದು ಸರ್ವಮಂಗಳಳಿಗೆ ಗೊತ್ತಿಲ್ಲದ್ದೇನಲ್ಲ. ಹೆಪ್ಪಿಗೆ ಮೊಸರು ಕೇಳಲು ಬಂದ ಎಷ್ಟೋ ಜನರನ್ನು ಅವಳೇ "ಬೆಳಿಗ್ಗೆ ಬನ್ನಿ" ಎಂದು ಕಳಿಸಿದ್ದಳು. ಆದರೆ ಬೆಕ್ಕನ್ನೂ ಬೇರೆ ಮನೆಯವರ ಲೆಕ್ಕಕ್ಕೆ ಸೇರಿಸಬೇಕು ಎಂದು ಅವಳಿಗೆ ಹೊಳೆದಿರಲೇ ಇಲ್ಲ. ಅತ್ತೆ ಹೇಳಿದ ಮೇಲೆ ಮುಗಿಯಿತು. ಹಾಲು ನಿಂತಿತು.

ಅದರ ಜೊತೆಗೆ ಗುರುಸ್ವಾಮಿಯ ನಗುವೂ ನಿಂತಿತು.

ಮೊದಲ ಸಂಜೆ ಖಾಲಿ ಕರಟ ನೋಡಿದ. ಎರಡನೆಯ ಸಂಜೆ ಸ್ವಲ್ಪ ಹೊತ್ತು ಕಾದ. ಮೂರನೆಯ ದಿನದಿಂದ ಗೋಡೆಯ ಬಳಿಗೇ ಬರಲಿಲ್ಲ. ಬೀದಿಯಲ್ಲಿ ಎದುರಾದರೆ ತಲೆ ತಗ್ಗಿಸಿಕೊಂಡು, ಊರಿನ ಯಾವುದೋ ಹೆಂಗಸಿಗೆ ದಾರಿ ಬಿಡುವವನಂತೆ ಪಕ್ಕಕ್ಕೆ ಸರಿದು ಹೋದ. ಸರ್ವಮಂಗಳಳಿಗೆ ಅಳು ಬರುವಂತಾಯಿತು, ಸಿಟ್ಟೂ ಬಂತು. ಬೇಡ ಅಂದಾಗ ಹಾಕಿದರೆ ನಗುತ್ತಾನೆ. ಅವನ ಮಾತಿನಂತೆ ನಿಲ್ಲಿಸಿದರೆ ಮುಖ ತಿರುಗಿಸುತ್ತಾನೆ. ಇದೆಂಥ ಮನುಷ್ಯ?

ಆ ವಾರವೇ ಊರಿನಿಂದ ಕಾಗದ ಬಂತು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರು ಮಗನಿಗೆ ಅವಳನ್ನು ಕೇಳಿದ್ದಾರೆ. ಒಳ್ಳೆಯ ಜನ. "ಸೋಮವಾರ ಬರುತ್ತೇನೆ. ನಿನಗೆ ಬೇರೆ ಏನೂ ಮನಸ್ಸಿನಲ್ಲಿ ಇಲ್ಲದಿದ್ದರೆ ಮಾತು ಕೊಟ್ಟುಬಿಡುತ್ತೇನೆ ಮಗಳೇ" ಎಂದು ತಂದೆ ಬರೆಸಿದ್ದರು.

ಮನಸ್ಸಿನಲ್ಲಿ ಇದೆಯೋ ಇಲ್ಲವೋ? ಇದೆ ಅನ್ನಲು ಒಂದು ಬೆಕ್ಕು, ಒಂದು ಗೋಡೆ, ಹತ್ತು ದಿನದ ನಗು ಬಿಟ್ಟರೆ ಇನ್ನೇನಿತ್ತು?

ಶನಿವಾರ ಸಂಜೆಯ ಹೊತ್ತಿಗೆ ಅವಳಿಗೆ ತಡೆಯಲಾಗಲಿಲ್ಲ. ಗುರುಸ್ವಾಮಿ ತನ್ನ ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು ದಬ್ಬಳದಿಂದ ಮೂಟೆಯ ಬಾಯಿ ಹೊಲಿಯುತ್ತಿದ್ದ. ಅವಳು ನೇರವಾಗಿ ಗೋಡೆಯ ಬಳಿ ಹೋಗಿ ನಿಂತಳು.

"ನಿಮ್ಮ ಕೊತ್ತಿಗೆ ನಾನು ಹಾಕಬೇಕೋ ಬ್ಯಾಡವೋ? ಒಂದು ಮಾತು ಹೇಳಿಬುಡಿ."

ಅವನು ತಲೆ ಎತ್ತಲಿಲ್ಲ. "ಬ್ಯಾಡ ಅಂತ ಅವತ್ತೇ ಹೇಳಿದ್ನಲ್ಲ."

"ಹಾಕಿದಾಗ ನಗ್ತಿದ್ರಿ. ಬಿಟ್ಟ ಮ್ಯಾಲೆ ಮುಖಾನೇ ತೋರಿಸಲ್ಲ. ಬ್ಯಾಡ ಅಂದೋರು ಹಿಂಗಾ ಇರೋದು?"

ದಬ್ಬಳ ನಿಂತಿತು.

"ದೀಪ ಹಚ್ಚಿದ ಮ್ಯಾಲೆ ಹಾಲು ಆಚೆಯವರಿಗೆ ಕೊಡಬಾರದು, ಅಲ್ವಾ? ನಮ್ಮನೇಲೂ ಅದೇ ಪದ್ಧತಿ" ಎಂದ ಮೂಟೆಗೆ ಹೇಳುವವನಂತೆ. "ನೀವು ದೀಪ ಹಚ್ಚಿ, ಕೈ ಮುಗಿದು, ಆಮೇಲೆ ಹಾಲು ಹಾಕ್ತಿದ್ರಿ. ದಿನಾ ಹಂಗೇ. ಮರೆತು ಹಾಕೋದಾದ್ರೆ ಒಂದು ದಿನ ಮರೀತಾರೆ. ಹತ್ತು ದಿನ ಮರೀತಾರಾ? ಸರಿ, ಈ ಹುಡುಗಿ ನಮ್ಮನ್ನ ಹೊರಗಿನೋರು ಅಂತ ಎಣಿಸಿಲ್ಲ ಅಂದ್ಕೊಂಡೆ."

"ನಮ್ಮನ್ನ ಅಂದ್ರೆ?"

"ಕೊತ್ತೀನ." ಹೊಲಿಗೆಯ ದಾರ ಎಳೆದು, "ನನ್ನನ್ನೂ" ಎಂದ.

ಅವನೇ ಮುಂದುವರಿಸಿದ. "ದೊಡ್ಡಪ್ಪನಿಗೆ ಕಾಗದ ಹಾಕಿದೆ, ಬಂದು ನಿಮ್ಮತ್ತೆ ಹತ್ರ ಮಾತಾಡಿ ಅಂತ. ಹಾಕಿದ ಮಾರನೇ ದಿನದಿಂದಲೇ ನೀವು ಹಾಲು ನಿಲ್ಲಿಸಿದ್ರಿ. ಒಲ್ಲೆ ಅಂತ ಬಾಯಲ್ಲಿ ಹೇಳದೆ ಮರ್ಯಾದೆಯಿಂದ ಹೇಳಿದ್ರು ಅಂತ ತಿಳ್ಕೊಂಡು, ಬರಬೇಡಿ ಅಂತ ಇನ್ನೊಂದು ಕಾಗದ ಹಾಕಿದೆ."

ಅಯ್ಯೋ ದೇವರೇ ಎಂದುಕೊಂಡಳು. ನಾಲ್ಕು ಗುಟುಕು ಹಾಲಿನಲ್ಲಿ ಈ ಮನುಷ್ಯ ಇಷ್ಟೆಲ್ಲ ಓದಿಕೊಂಡಿದ್ದನೇ? ಸುಳ್ಳು ಹೇಳಿಬಿಡಬಹುದಿತ್ತು. ಅವಳಿಗೆ ಮನಸ್ಸು ಬರಲಿಲ್ಲ.

"ನಾನು ಅಷ್ಟೆಲ್ಲ ಯೋಚನೆ ಮಾಡಿ ಹಾಕಲಿಲ್ಲ. ಅದು ಹಸಿದಿತ್ತು, ಹಾಕಿದೆ. ಅತ್ತೆ ಬೈದ್ರು, ಬಿಟ್ಟೆ. ಅಷ್ಟೇ."

"ಅಷ್ಟೇನಾ?" ಅವನ ದನಿ ಇಳಿಯಿತು. ದಬ್ಬಳವನ್ನು ಮೂಟೆಗೆ ಚುಚ್ಚಿಟ್ಟು ಎದ್ದು ನಿಂತ.

ಆ ಮುಖ ನೋಡಿ ಅವಳಿಗೆ ಮತ್ತೆ ಎಲ್ಲ ಕಲಸುಮೇಲೋಗರವಾಯಿತು. ನಿಜವನ್ನೇ ಹೇಳಿದ್ದಳು, ಆದರೂ ಏನೋ ಸುಳ್ಳು ಹೇಳಿದ ಹಾಗಿತ್ತು.

"ಅಷ್ಟೇ ಆಗಿದ್ರೆ" ಎಂದಳು, ತನ್ನನ್ನು ತಾನೇ ಕೇಳಿಕೊಳ್ಳುವಂತೆ, "ನಾನ್ಯಾಕೆ ದಿನಾ ಸಂಜೆ ತಲೆ ಬಾಚ್ಕೊಂಡು ಹಿತ್ತಿಲಿಗೆ ಬತ್ತಿದ್ದೆ?"

"ಅದನ್ನ ನಾನೂ ಕೇಳಬೇಕು ಅಂತಿದ್ದೆ ಕಣೇ" ಎಂದಿತು ಹಿಂದಿನಿಂದ ಒಂದು ದನಿ.

ವೀರಮ್ಮ ಹುಲ್ಲಿನ ಹೊರೆ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ! ಸರ್ವಮಂಗಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಗುರುಸ್ವಾಮಿ ಸುಮ್ಮಸುಮ್ಮನೆ ಅಂಗಿಯ ಗುಂಡಿ ಹಾಕಿಕೊಂಡ.

"ನೋಡಪ್ಪ ಗುರುಸಾಮಿ, ನಿಂಗೆ ಕಾಗದ ಬರೆಯೋ ಚಾಳಿ ಜಾಸ್ತಿ ಆಯ್ತು. ಸೋಮವಾರ ಇವರಪ್ಪ ಬತ್ತಾನೆ, ಬೇರೆ ಕಡೆ ಮಾತು ಕೊಡಾಕೆ. ನಾಳೆ ಮೊದಲನೇ ಬಸ್ಸಿಗೆ ಹೋಗಿ ನಿಮ್ಮ ದೊಡ್ಡಪ್ಪನ್ನ ಕೈ ಹಿಡ್ಕೊಂಡ್ ಕರ್ಕೊಂಡ್ ಬಾ. ಮುಂದಿಂದು ನನಗೆ ಬುಡು."

"ಕೊತ್ತಿ, ಅಮ್ಮ?" ಎಂದ ಅವನು, ಬೇರೇನೂ ತೋಚದೆ.

"ಕೊತ್ತಿಗೇನ್ಲಾ? ಬೆಳಿಗ್ಗೆ ಹಾಲು ಕರೆದ ಮ್ಯಾಲೆ ಹಾಕಿದ್ರಾಯ್ತು. ರಾತ್ರಿಯೆಲ್ಲ ಹಸ್ಕೊಂಡು ನಿನ್ನ ಇಲಿ ಹಿಡೀಲಿ. ಇಷ್ಟು ಸಣ್ಣ ಬುದ್ಧಿ ಇಬ್ಬರಲ್ಲಿ ಒಬ್ಬರಿಗೂ ಹೊಳೀಲಿಲ್ವಾ?" ಎಂದು ಗೊಣಗುತ್ತ ಅವರು ಎಮ್ಮೆಯ ಕಡೆ ಹೋದರು.

ಇಬ್ಬರೇ ಉಳಿದರು. ನಡುವೆ ಸೊಂಟದೆತ್ತರದ ಗೋಡೆ.

"ದೊಡ್ಡಪ್ಪನಿಗೆ ಏನಂತ ಹೇಳ್ಲಿ?" ಎಂದ ಮೆಲ್ಲಗೆ. "ಮೊದಲು ಬನ್ನಿ ಅಂದೆ, ಆಮೇಲೆ ಬ್ಯಾಡ ಅಂದೆ. ಈಗ ಮತ್ತೆ ಬನ್ನಿ ಅಂದ್ರೆ ತಲೆ ಕೆಟ್ಟಿದೆಯೇನ್ಲಾ ಅಂತಾರೆ."

"ಕೆಟ್ಟಿತ್ತು ಅನ್ನಿ."

"ನನ್ನೊಬ್ಬಂದೇನಾ?"

"ನಂದೂ ಕೆಟ್ಟಿತ್ತು ಅನ್ನಿ." ನಗು ಬಂತು ಅವಳಿಗೆ. ಆಮೇಲೆ ಕಣ್ಣೆತ್ತಿ, ಮೊದಲ ಸಲ ನೆಟ್ಟಗೆ ಅವನನ್ನೇ ನೋಡಿದಳು. "ಹುಡುಗಿ ಒಪ್ಪಿದಾಳೆ ಅನ್ನಿ. ಈ ಸಲ ಯೋಚನೆ ಮಾಡೇ ಒಪ್ಪಿದಾಳೆ ಅನ್ನಿ."

ಮರುದಿನ ಬೆಳಕು ಹರಿಯುತ್ತಿದ್ದಂತೆಯೇ ಗುರುಸ್ವಾಮಿ ಮಳಿಗೆಗೆ ಬೀಗ ಹಾಕಿಕೊಂಡು ಹೊರಟ. ಇಸ್ತ್ರಿಯ ಅಂಗಿ ತೊಟ್ಟಿದ್ದ. ಬೀದಿಯ ತಿರುವಿನಲ್ಲಿ ಹಿಂದಿರುಗಿ ನೋಡಿದ. ಸರ್ವಮಂಗಳ ಮುಂಬಾಗಿಲಲ್ಲಿ, ಎದುರು ಮನೆಯವರೂ ಹಾಲಿಗೆ ಬಂದವರೂ ನೋಡುತ್ತಿದ್ದ ಹಾಗೆಯೇ, ಅವನು ಕಣ್ಮರೆಯಾಗುವ ತನಕ ನಿಂತಿದ್ದಳು.