ಗಾಳಿ ಸೇರಿಸಿದ ಅಕ್ಷರ

"ಅದನ್ನ ಕೆಳಗಿಡ್ರೀ!"

ಅವಳು ಕೂಗಿದ ರಭಸಕ್ಕೆ ಬಂಡೆಯ ಮೇಲಿದ್ದ ಕಡಲಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಕೂಗಿದ್ದು ಅವುಗಳಿಗಲ್ಲ. ಭೂಶಿರದ ಮೇಲಿನ ಜಲ್ಲಿಯಲ್ಲಿ ಮಂಡಿಯೂರಿ ಕೂತಿದ್ದ ಹಳದಿ ಹೆಲ್ಮೆಟ್ಟಿನ ಅಪರಿಚಿತನಿಗೆ. ಅವನ ಬಲಗೈಯಲ್ಲಿ ಸುತ್ತಿಗೆ. ಎಡಗೈಯಲ್ಲಿ...

ಅಯ್ಯೋ, ಮೊಟ್ಟೆ!

"ಯಾಕ್ರೀ, ಕಲ್ಲು ಎತ್ಕೊಳ್ಳೋಕೂ ಪರ್ಮಿಷನ್ ಬೇಕಾ?" ಅವನು ತಲೆಯೆತ್ತಿದ.

"ಸರಿಯಾಗಿ ನೋಡಿ ಅದನ್ನ."

"ನೋಡಿದೆ. ಬೂದು ಬಣ್ಣ, ಕಂದು ಚುಕ್ಕೆ, ನೀರಲ್ಲಿ ಉರುಳಿ ಉರುಳಿ ನುಣ್ಣಗಾಗಿದೆ. ಒಂದೇ ಒಂದು ಅರ್ಥ ಆಗ್ತಿಲ್ಲ... ಯಾಕೋ ಬೆಚ್ಚಗಿದೆ."

"ಅದರಮ್ಮ ಈಗಷ್ಟೇ ಎದ್ದು ಹೋಗಿದಾಳೆ, ಅದಕ್ಕೆ!"

ಅವನ ಮುಖ ನೋಡಬೇಕಿತ್ತು! ಸುತ್ತಿಗೆ ಕೈಜಾರಿ ಬಿತ್ತು. ಮೊಟ್ಟೆಯನ್ನು ಎರಡೂ ಅಂಗೈಯಲ್ಲಿಟ್ಟು, ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸುವಂತೆ, ಇದ್ದ ಜಾಗದಲ್ಲೇ ಇಳಿಸಿದ. ಅಷ್ಟರಲ್ಲಿ ಕವಲು ಬಾಲದ ರೀವ ಹಕ್ಕಿಯೊಂದು ಮೇಲಿನಿಂದ ಎರಗಿ ಬಂದು, ಅವನ ಹೆಲ್ಮೆಟ್ಟಿನ ಮೇಲೆ ಸರಿಯಾಗಿ ಹಿಕ್ಕೆ ಹಾಕಿ ಹೋಯಿತು.

ಅವನು ಒರೆಸಿಕೊಳ್ಳಲಿಲ್ಲ. "ನ್ಯಾಯವಾಗಿದೆ," ಎಂದ.

ನಗು ತಡೆಯಲು ಅವಳು ತುಟಿ ಕಚ್ಚಿಕೊಳ್ಳಬೇಕಾಯಿತು.

ಅವಳ ಕೆಲಸ ಆ ಭೂಶಿರದ ಹಕ್ಕಿಗಳನ್ನು ಕಾಯುವುದು. ವಾಸ ಚಿಕ್ಕಮ್ಮನ ಜೊತೆ, ಲೈಟ್‌ಹೌಸಿನ ಕ್ವಾರ್ಟರ್ಸಿನಲ್ಲಿ. ದೀಪ ನೋಡಿಕೊಳ್ಳುವ ಹೊಣೆ ಚಿಕ್ಕಮ್ಮನದು.

"ಯಾರೇ ಅವನು?" ದೀಪದ ಗಾಜು ಒರೆಸುತ್ತಾ ಚಿಕ್ಕಮ್ಮ ಕೇಳಿದಳು.

"ಬಂಡೆ ಎಲ್ಲೆಲ್ಲಿ ಬಿರುಕು ಬಿಟ್ಟಿದೆ ಅಂತ ಪರೀಕ್ಷೆ ಮಾಡೋಕೆ ಬಂದಿರೋ ಭೂವಿಜ್ಞಾನಿ. ಮೊಟ್ಟೆಗೂ ಕಲ್ಲಿಗೂ ವ್ಯತ್ಯಾಸ ಗೊತ್ತಿಲ್ಲ!"

"ನಿಂಗೆ ಮನುಷ್ಯರಿಗೂ ಕಾಗೆಗೂ ವ್ಯತ್ಯಾಸ ಗೊತ್ತಿಲ್ಲ. ಬಂದವರನ್ನೆಲ್ಲ ಹುಶ್ ಅಂತ ಓಡಿಸ್ತೀಯ. ಇರ್ಲಿ ಬಿಡೆ, ಪಾಪ, ಕಲ್ಲಪ್ಪ."

ಹೆಸರು ಅಂಟಿಕೊಂಡಿತು.

ಕಲ್ಲಪ್ಪ ಓಡಿಹೋಗುವವನಲ್ಲ. ಮರುದಿನ ಅವಳ ಮುಂದೆ ನಿಂತು, "ಎಲ್ಲೆಲ್ಲಿ ಕಾಲಿಡಬಾರದು ಹೇಳ್ಕೊಡಿ," ಎಂದ. ಅವಳು ಹೇಳಿಕೊಟ್ಟಳು. ಹೀಗೆ ಕೇಳಿದವರು ಅವಳ ಕಾಲದಲ್ಲಿ ಯಾರೂ ಇರಲಿಲ್ಲ.

ನೀರು ಇಳಿದಾಗ ಇಬ್ಬರೂ ಕೆಳಗಿನ ದಂಡೆಯಿಂದ ಬಂಡೆಯನ್ನು ನೋಡುತ್ತಿದ್ದರು. ಕೆಳಗಿನಿಂದ ನೋಡಿದರೆ ಅದು ಬಂಡೆಯಲ್ಲ, ಒಂದು ಊರು! ಸಾಲುಸಾಲು ಗೂಡು, ಜಗಳ, ಸಂಸಾರ, ಗದ್ದಲ.

"ಆಹಾ! ಆ ಬಿಳಿ ಗೆರೆ ನೋಡಿ! ಕಪ್ಪು ಬಂಡೆ ನಡುವೆ ಎಷ್ಟು ಸೊಗಸಾಗಿ ಇಳಿದಿದೆ... ಬೆಣಚುಕಲ್ಲೇ ಇರಬೇಕು!"

"ಹಿಕ್ಕೆ," ಎಂದಳು ಅವಳು.

"ಏನು?"

"ನೀರುಕಾಗೆಗಳು ತಲೆತಲಾಂತರದಿಂದ ಹಾಕಿರೋ ಹಿಕ್ಕೆ. ಬೇಕಿದ್ರೆ ಸ್ಯಾಂಪಲ್ ತಗೊಳ್ಳಿ."

ಅವನು ಕಿವಿಯವರೆಗೂ ಕೆಂಪಾದ. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ನಿಂತ ಮೇಲೆ ಅವನು ಬಂಡೆಯ ನಡುವಿನ ಕೆಂಪು ಪಟ್ಟಿ ತೋರಿಸಿದ. "ಈ ಕಪ್ಪು ಬಂಡೆ ಒಂದು ಕಾಲಕ್ಕೆ ಬೆಂಕಿ. ಹೊಳೆ ಹರಿದ ಹಾಗೆ ಹರಿದು ಬಂತು. ಅಡಿಯಲ್ಲಿ ಸಿಕ್ಕಿದ ಮಣ್ಣು ಸುಟ್ಟು ಇಟ್ಟಿಗೆ ಥರ ಆಗೋಯ್ತು. ಆದ್ರೂ ಕಪ್ಪಿಗಿಂತ ಮೆತ್ತಗೆ. ಉಪ್ಪುಗಾಳಿ ಅದನ್ನ ಕೊರೀತಾನೇ ಇರುತ್ತೆ. ನಿಮ್ಮ ಹಕ್ಕಿಗಳ ಮನೆಯೆಲ್ಲ ಆ ಗುಳಿಗಳಲ್ಲೇ."

ಯಾವ ಗುಳಿ ಯಾವ ಹಕ್ಕಿಯದೆಂದು ಅವಳಿಗೆ ಬಾಯಿಪಾಠ. ಗುಳಿಯನ್ನು ಕೊರೆದವರು ಯಾರೆಂದು ಮಾತ್ರ ಒಂದು ದಿನವೂ ಕೇಳಿಕೊಂಡಿರಲಿಲ್ಲ. *ಇಷ್ಟು ದಿನ ನಾನು ಅರ್ಧವೇ ನೋಡಿದೆನಾ?*

ಅವಳು ತನ್ನ ದೂರದರ್ಶಕವನ್ನು ಅವನ ಕಣ್ಣಿಗೆ ಹೊಂದಿಸಿಕೊಟ್ಟಳು. ಅದರೊಳಗೆ ಗಂಡು ರೀವ ಹೆಣ್ಣಿಗೊಂದು ಮೀನು ತಂದಿತ್ತು. ಹೆಣ್ಣು ಮುಖ ತಿರುಗಿಸಿತು. ಗಂಡು ಸುತ್ತಿ ಬಂದು ಮೀನನ್ನು ಮತ್ತೆ ಅದರ ಮುಂದೆ ಹಿಡಿಯಿತು.

"ತಗೋ ಮಾರಾಯ್ತಿ..." ಎಂದು ಅವನು ಪಿಸುಗುಟ್ಟಿದ. ಹೆಣ್ಣು ತೆಗೆದುಕೊಂಡಾಗ ತಾನೇ ಗೆದ್ದವನಂತೆ ಉಸಿರುಬಿಟ್ಟ.

ಅವಳು ದೂರದರ್ಶಕ ಬಿಟ್ಟು ಅವನನ್ನೇ ನೋಡುತ್ತಿದ್ದಳು.

"ಒಂದು ಮಾತ್ರ ಗೊತ್ತಾಗ್ತಿಲ್ಲ," ಎಂದಳು, ಸಾವರಿಸಿಕೊಂಡು. "ಈ ವರ್ಷ ಮೂಗುಬಂಡೆ ಕೆಳಗೆ ಒಂದೂ ಗೂಡಿಲ್ಲ."

ಕಡಲಿನ ಮೇಲೆ ಮೂಗಿನಂತೆ ಚಾಚಿಕೊಂಡ ತುದಿಬಂಡೆಯೇ ಮೂಗುಬಂಡೆ. ಅದರ ಮೇಲೆ ಅವಳ ಕಾವಲು ಗುಡಿಸಲಿತ್ತು.

ಅವನ ನಗು ಹಾರಿಹೋಯಿತು. ದೂರದರ್ಶಕವನ್ನು ಮೂಗುಬಂಡೆಯ ಅಡಿಗೆ ತಿರುಗಿಸಿದ.

ಮರುದಿನ ಬೆಳಿಗ್ಗೆ ಅವನು ಹಗ್ಗ ಕಟ್ಟಿಕೊಂಡು ಮೂಗಿನ ಅಡಿಗೆ ಇಳಿದ. ಗಾಳಿ ಜೋರಾಗಿತ್ತು. ಅವನು ವಾಕಿಟಾಕಿಯಲ್ಲಿ ತನ್ನ ಮೇಲಧಿಕಾರಿಗೆ ಹೇಳುತ್ತಿದ್ದುದು ಲೈಟ್‌ಹೌಸಿನ ಸೆಟ್ಟಿನಲ್ಲೂ ಕೇಳುತ್ತಿತ್ತು.

"...ಮೂಗುಬಂಡೆ... ವಾರದೊಳಗೇ ಬೀಳಿಸ್ಬಹುದು... ಗುಡಿಸಲು ಖಾಲಿ ಮಾಡ್ಸಿ..."

ಅವಳು ಕೈಯಲ್ಲಿದ್ದ ಲೋಟ ಕುಕ್ಕಿದಳು.

*ಬೀಳಿಸುತ್ತಾನಾ? ಅಡಿಯಲ್ಲಿ ಗೂಡಿಲ್ಲ ಅಂತ ನಾನೇ ಬಾಯಿಬಿಟ್ಟು ಹೇಳಿದೆ... ಅದನ್ನೇ ನೆಪ ಮಾಡಿಕೊಂಡನಾ? ಮದ್ದಿಟ್ಟು ಉರುಳಿಸಿದರೆ ಅಕ್ಕಪಕ್ಕದ ಕೆಂಪು ಪಟ್ಟಿಯ ಮರಿಗಳ ಗತಿ? ಆ ಮೊಟ್ಟೆ?*

ಹೋಗಿ ಕೇಳಿದ್ದರೆ ಒಂದು ನಿಮಿಷದ ಕೆಲಸ. ಆದರೆ ಮನಸ್ಸು ಕೊಟ್ಟವರು ಕೇಳುವುದಿಲ್ಲ, ಮುನಿಸಿಕೊಳ್ಳುತ್ತಾರೆ. ಅವಳು ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟಳು. "ನಾನು ಮೂಗುಬಂಡೆ ಮೇಲೇ ಕೂತಿರ್ತೀನಿ," ಎಂದಳು ಚಿಕ್ಕಮ್ಮನಿಗೆ. "ಅದು ಹೇಗೆ ಬೀಳಿಸ್ತಾನೋ ನೋಡ್ತೀನಿ!"

ಅವನು ಮೇಲೆ ಹತ್ತಿ, ಅವಳಿಗೆ ಸುದ್ದಿ ಹೇಳಲೆಂದೇ ಏದುಸಿರು ಬಿಡುತ್ತಾ ಲೈಟ್‌ಹೌಸಿಗೆ ಬಂದ.

"ಅವರೆಲ್ಲಿ?"

"ಅವಳ ಕೋಪ ಮೊದಲಿಂದ್ಲೂ ಮೂಗಿನ ತುದೀಲೇ," ಎಂದಳು ಚಿಕ್ಕಮ್ಮ. "ಇವತ್ತು ಅವಳೂ ಅಲ್ಲೇ ಹೋಗಿ ಕೂತಿದಾಳೆ. ನೀವು ಬಂಡೆ ಬೀಳಿಸ್ತೀರಂತಲ್ಲ?"

"ಬೀಳಿಸೋದಾ? ಯಾರು ಹೇಳಿದ್ದು?" ಉತ್ತರಕ್ಕೆ ಕಾಯದೆ ಓಡಿದ.

ಮೂಗಿನ ಬುಡದಲ್ಲಿ ಕಬ್ಬಿಣದ ಕಂಬವೊಂದಿತ್ತು. ಅದಕ್ಕೆ ಹಗ್ಗ ಬಿಗಿದು, ತುದಿ ಹಿಡಿದು, ತೆವಳಿಕೊಂಡು ಅವಳ ಬಳಿ ಬಂದ.

"ಬರಬೇಡಿ! ಎದೇನೂ ಕಲ್ಲು ಮಾಡ್ಕೊಂಡಿರೋರ ಜೊತೆ ನಂಗೆ ಮಾತಿಲ್ಲ!"

"ಮಾತು ಬೇಡ. ಸೊಂಟ ಕೊಡಿ," ಎಂದು ಹಗ್ಗವನ್ನು ಅವಳಿಗೆ ಸುತ್ತಿದ. ಗಂಟನ್ನು ಎರಡು ಸಲ ಎಳೆದು ನೋಡಿದ. ಹೆಲ್ಮೆಟ್ ತೆಗೆದು ಅವಳ ತಲೆಗಿಟ್ಟ.

"ಬೀಳ್ಬಹುದು ಅಂದೆ! ಬೀಳಿಸ್ಬಹುದು ಅಲ್ಲ! ಬಂಡೆ ತಾನಾಗೇ ಬೀಳ್ಬಹುದು!"

"ಆದ್ರೆ ನಂಗೆ 'ಸ್' ಅಂತ ಕೇಳಿಸ್ತು..."

ಆಗಲೇ ಗಾಳಿ ಗುಡಿಸಲಿನ ಸಂದಿಯಲ್ಲಿ ನುಗ್ಗಿತು. *ಸ್ಸ್ಸ್...*

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ನೀವು ಗೂಡಿಲ್ಲ ಅಂದಿದ್ದಕ್ಕೇ ಅಲ್ಲಿಗೆ ಇಳಿದೆ. ಹೊಸ ಬಿರುಕು. ಹುಡಿ ಉದುರ್ತಾನೇ ಇದೆ. ಅಂಥ ಸೂರಿನ ಕೆಳಗೆ ಯಾವ ಹಕ್ಕಿ ಮನೆ ಮಾಡುತ್ತೆ?"

"ಬೀಳುತ್ತೆ ಅಂತ ಗೊತ್ತಿದ್ದೂ... ಯಾಕೆ ಬಂದ್ರಿ ಇದರ ಮೇಲೆ?"

"ದೂರದಿಂದ ಕೂಗಿದ್ರೆ ಗಾಳಿ ಇನ್ನೊಂದು ಅಕ್ಷರ ಸೇರಿಸಿಬಿಟ್ರೆ?" ಅವನು ಕೈ ಚಾಚಿದ. "ನೀವು ಇದರ ಮೇಲಿದೀರ ಅಂದ ತಕ್ಷಣ ನನ್ನ ಓದೆಲ್ಲ ಮರೆತುಹೋಯ್ತು ಕಣ್ರೀ. ಬನ್ನಿ... ದಯವಿಟ್ಟು."

ಅವಳು ಅಳುತ್ತಲೇ ತೆವಳಿದಳು. ಅವನ ಕೈ ಬಿಡಲಿಲ್ಲ.

ಆ ವಾರವೇ, ಕಡಲು ಕೆರಳಿದ ಮಧ್ಯಾಹ್ನ, ಮೂಗುಬಂಡೆ ಗುಡಿಸಲಿನ ಸಮೇತ ಕಳಚಿತು. ಲೈಟ್‌ಹೌಸಿನ ಮೇಲಿನಿಂದ ಮೂವರೂ ನೋಡಿದರು. ಕೆಂಪು ಧೂಳು ಏರಿತು. ಹಕ್ಕಿಗಳೆಲ್ಲ ಆಕಾಶಕ್ಕೆ ಎದ್ದು, ಬೈದು, ಸುತ್ತಿ, ಮತ್ತೆ ಕೆಂಪು ಪಟ್ಟಿಯ ತಮ್ಮ ತಮ್ಮ ಗುಳಿಗಳಿಗೇ ಇಳಿದವು. ಬಂಡೆಯೊಡೆದ ಜಾಗದಲ್ಲಿ ಬೆಂಕಿಯ ಕಾಲದಿಂದ ಬಿಸಿಲೇ ಕಾಣದಿದ್ದ ಹೊಸ ಕಪ್ಪು ಮೈ ಮಿರಮಿರ ಮಿಂಚಿತು.

"ಎಷ್ಟು ಚೆಂದ..." ಎಂದಳು ಅವಳು.

ಚಿಕ್ಕಮ್ಮ ಇಬ್ಬರನ್ನೂ ನೋಡಿ, "ಗಾಜು ಒರೆಸೋದಿದೆ," ಎಂದು ಒಳಗೆ ಹೋದಳು. ಗಾಜು ಬೆಳಿಗ್ಗೆಯೇ ಒರೆಸಿಯಾಗಿತ್ತು.

ಸಂಜೆ ಗಾಳಿ ಬಿದ್ದುಹೋದ ಮೇಲೆ ಇಬ್ಬರೂ ಜಲ್ಲಿಹಾಸಿನ ಅಂಚಿನಲ್ಲಿ ಕೂತರು. ಇದ್ದಕ್ಕಿದ್ದಂತೆ ಅವನು ಅವಳ ತೋಳು ಹಿಡಿದ.

"ನೋಡಿ... ಕಲ್ಲು ಓಡ್ತಿದೆ!"

"ಮರಿ," ಎಂದಳು ಅವಳು. "ಅವತ್ತು ನೀವು ಒಡೀಬೇಕು ಅಂತಿದ್ರಲ್ಲ, ಅದೇ."

ಅವನು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ಮತ್ತೆ ಹಾಕಿಕೊಂಡ. ಬಂಡೆ ಪರೀಕ್ಷೆಯ ಕೆಲಸ ಮುಗಿದಿತ್ತು, ಅದು ಅವಳಿಗೂ ಗೊತ್ತಿತ್ತು. *ಹೋಗ್ತೀನಿ ಅಂತ ಹೇಳೋಕೇ ಒದ್ದಾಡ್ತಿದಾನಾ?*

"ಈ ಒಡೆದ ಜಾಗದ ಮೇಲೆ ಕಣ್ಣಿಡೋಕೆ ಒಬ್ಬರು ಬೇಕಂತೆ," ಎಂದ ಕೊನೆಗೆ, ಕಡಲಿನ ಕಡೆಗೇ ಮುಖ ಮಾಡಿಕೊಂಡು. "ನಾನು... ಇಲ್ಲೇ ಉಳೀಬಹುದಾ? ನಿಮ್ಮ ಜೊತೆ?"

"ಉಳಿಸ್ಕೋತೀನಿ."

ಅವನು ತಿರುಗಿದ. "ಉಳೀಬಹುದಾ ಅಂದೆ... ಆ 'ಸ್' ಎಲ್ಲಿಂದ ಬಂತು? ಗಾಳೀನೇ ಇಲ್ಲ!"

"ಇದು ನಂದೇ ಕಣೋ, ಕಲ್ಲಪ್ಪ," ಎಂದು ಅವಳು ಅವನ ಭುಜಕ್ಕೆ ತಲೆಯಿಟ್ಟಳು.